ಚಿಕ್ಕನಾಯಕನಹಳ್ಳಿಯ ಕರಿಕಲ್ಲು, ತಿಪಟೂರಿನ ಚಿಪ್ಪು

ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರನ್ನು ಆಳುತ್ತಿದ್ದ ಕಾಲ. ತಿಪಟೂರು, ತುರುವೇಕೆರೆ ಸೀಮೆಯ ತೋಟದ ಮನೆಗಳಲ್ಲಿ ವರ್ಷದ ಗಳಿಕೆಯೆಲ್ಲ ಅಟ್ಟದ ಮೇಲಿರುತ್ತಿತ್ತು. ಏರಿಸಿಟ್ಟ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವಾಗ ಕೆಳಗಿಳಿಯುತ್ತಿತ್ತು. ಉಂಡೆ ಕೊಬ್ಬರಿ ಮಾರಾಟಕ್ಕೆ, ಚಿಪ್ಪು ಒಲೆಗೆ.

ಅತ್ತ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲು. ಚಿತ್ರದುರ್ಗದ ಕಡೆಯಿಂದ ಹಾದುಬಂದ ಆ ಪುರಾತನ ಶಿಲಾಪಟ್ಟಿಯ ಒಡಲಲ್ಲಿ ಕಬ್ಬಿಣವಿತ್ತು, ಮುಟ್ಟಿದರೆ ಬೆರಳಿಗೆ ಮಸಿ ಹತ್ತುವ ಮ್ಯಾಂಗನೀಸ್ ಅದಿರಿತ್ತು. 1894ರಲ್ಲಿ ಹುಟ್ಟಿದ ಮೈಸೂರು ಭೂವಿಜ್ಞಾನ ಇಲಾಖೆಗೆ ರಾಬರ್ಟ್ ಬ್ರೂಸ್ ಫೂಟ್, ಅವರ ಬಳಿಕ ಸ್ಮೀತ್ ಮುಖ್ಯಸ್ಥರಾಗಿ ಸಂಸ್ಥಾನದ ಕಲ್ಲುಮಣ್ಣನ್ನೆಲ್ಲ ದಫ್ತರಕ್ಕೇರಿಸಿದರು. ಮ್ಯಾಂಗನೀಸ್ ಎಂದರೆ ಉಕ್ಕಿಗೆ ಬೆರೆಸುವ ಸರಕು ಎಂಬುದೇ ಅಂದಿನ ಎಣಿಕೆ.

ಆ ಕರಿ ಅದಿರಿಗೆ ಇನ್ನೊಂದು ಗುಣವಿತ್ತು: ತನ್ನೊಳಗಿನ ಆಮ್ಲಜನಕವನ್ನು ಬೇರೆ ವಸ್ತುವಿಗೆ ಬಿಟ್ಟುಕೊಡುವುದು. 1774ರಲ್ಲಿ ಸ್ವೀಡನ್ನಿನ ರಸಾಯನಜ್ಞ ಷೀಲೆ ಇದೇ ಜಾತಿಯ ಅದಿರನ್ನು ಆಮ್ಲದೊಡನೆ ಕಾಯಿಸಿ ಕ್ಲೋರಿನ್ ಪಡೆದಿದ್ದ. ಮೊದಲ ಮಹಾಯುದ್ಧದ ನಡುವೆ, 1915ರ ಏಪ್ರಿಲಿನಲ್ಲಿ, ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನರು ಹರಿಯಬಿಟ್ಟದ್ದು ಆ ಅನಿಲವನ್ನೇ. ವಿಷಗಾಳಿ ತಡೆಯುವ ಮುಖವಾಡಕ್ಕೆ ಅಮೆರಿಕದವರು ಇದ್ದಿಲು ಹುಡುಕುತ್ತ ಹೋದಾಗ ಎಲ್ಲಕ್ಕಿಂತ ಮೇಲೆಂದು ಕಂಡದ್ದು ತೆಂಗಿನ ಚಿಪ್ಪಿನ ಇದ್ದಿಲು. ನಮ್ಮವರು ಒಲೆಗೆ ಒಡ್ಡುತ್ತಿದ್ದಂಥ ಚಿಪ್ಪು! ಆದರೆ ಕಾರ್ಬನ್ ಮಾನಾಕ್ಸೈಡಿಗೆ ಆ ಇದ್ದಿಲೂ ಸೋತಿತು. ಆಗ ಜಾನ್ಸ್ ಹಾಪ್ಕಿನ್ಸ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ರಸಾಯನಜ್ಞರು ಮ್ಯಾಂಗನೀಸ್ ಡೈಆಕ್ಸೈಡಿಗೆ ತಾಮ್ರದ ಆಕ್ಸೈಡ್ ಬೆರೆಸಿ ಹಾಪ್ಕಲೈಟ್ ಮಾಡಿದರು. ಬೆಂಕಿಯಿಲ್ಲದೆ, ಉಸಿರಾಡುವ ಗಾಳಿಯ ಬಿಸಿಯಲ್ಲೇ ಅದು ಆ ವಿಷವನ್ನು ಇಂಗಾಲದ ಡೈಆಕ್ಸೈಡಾಗಿಸಿತು.

ವಿಷವನ್ನು ಪೂರ್ತಿ ಸುಡುವುದು ಸುಲಭದ ಮಾತು. ಹಗುರ ಹೈಡ್ರೋಕಾರ್ಬನ್‌ಗಳನ್ನು ಅರ್ಧ ಸುಟ್ಟು, ಬೇಕಾದ ಸರಕಾದೊಡನೆ ನಿಲ್ಲಿಸುವುದಿದೆಯಲ್ಲ, ಅದು ಕಠಿಣ ವಿದ್ಯೆ. ಅದರ ಗುಟ್ಟನ್ನು 1954ರಲ್ಲಿ ಮಾರ್ಸ್ ಮತ್ತು ವಾನ್ ಕ್ರೆವೆಲೆನ್ ಎಂಬ ಡಚ್ಚರು ಬಿಡಿಸಿ ಹೇಳಿದರು: ಈ ಕೆಲಸ ಮಾಡಿಸುವ ಆಕ್ಸೈಡು ತನ್ನ ಹರಳಿನೊಳಗಿನ ಆಮ್ಲಜನಕವನ್ನು ಕೊಟ್ಟುಬಿಡುತ್ತದೆ, ತೆರವಾದ ಜಾಗವನ್ನು ಗಾಳಿಯಿಂದ ತುಂಬಿಕೊಳ್ಳುತ್ತದೆ. ಕೊಡುವ ಕೈ ಬಿಗಿಯಾದರೆ ಕೆಲಸ ಸಾಗದು. ಧಾರಾಳವಾದರೆ ಎಲ್ಲವೂ ಹೊಗೆ. 1960ರಲ್ಲಿ ಅಮೆರಿಕದ ಸೊಹಾಯೊ ಕಂಪನಿ ಬಿಸ್ಮತ್, ಮಾಲಿಬ್ಡಿನಂ ಆಕ್ಸೈಡುಗಳ ಮೇಲೆ ಪ್ರೊಪಿಲೀನ್, ಅಮೋನಿಯಾ, ಗಾಳಿ ಹಾಯಿಸಿ ಅಕ್ರಿಲೋನೈಟ್ರೈಲನ್ನು ಪೇಟೆಗೆ ತಂದಿತು. ನಮ್ಮ ಚಳಿಗಾಲದ ಅಕ್ರಿಲಿಕ್ ಸ್ವೆಟರಿನ ಮೂಲ ಅದೇ. 1974ರಲ್ಲಿ ವನಾಡಿಯಂ, ರಂಜಕಗಳ ಆಕ್ಸೈಡು ಬ್ಯೂಟೇನನ್ನು ಮಲೇಯಿಕ್ ಅನ್‌ಹೈಡ್ರೈಡ್ ಮಾಡತೊಡಗಿತು. ಫೈಬರ್‌ಗ್ಲಾಸಿನ ರಾಳಕ್ಕೆ ಅದು ಬೇಕು.

ಕಡೆಗೆ ಮ್ಯಾಂಗನೀಸಿನ ಸರದಿಯೂ ಬಂತು. 1982ರಲ್ಲಿ ಯೂನಿಯನ್ ಕಾರ್ಬೈಡಿನ ಕೆಲ್ಲರ್ ಮತ್ತು ಮದನ್ ಭಾಸಿನ್ ಹಲವು ಆಕ್ಸೈಡುಗಳ ಮೇಲೆ ಮೀಥೇನನ್ನೂ ಗಾಳಿಯನ್ನೂ ಸರದಿಯಂತೆ ಹಾಯಿಸಿ ಎಥಿಲೀನ್ ಪಡೆದರು. ಫಲ ಕೊಟ್ಟ ಆಕ್ಸೈಡುಗಳಲ್ಲಿ ಮ್ಯಾಂಗನೀಸಿನದೂ ಒಂದು. ಹುಟ್ಟಿದ ಎಥಿಲೀನು ಮೀಥೇನಿಗಿಂತ ಬೇಗ ಸುಟ್ಟುಹೋಗುವುದರಿಂದ ಆ ದಾರಿ ಇಂದಿಗೂ ಪೂರ್ತಿ ಸುಗಮವಾಗಿಲ್ಲ.

ಗುಡ್ಡದ ಅದಿರನ್ನು ಹಾಗೆಯೇ ಕೊಳವೆಗೆ ಸುರಿದರೆ ಇದಾವುದೂ ಆಗದು, ನಿಜ. ಶುದ್ಧಗೊಳಿಸಿ ಹದಮಾಡಿದ ಆಕ್ಸೈಡೇ ಬೇಕು. ಹದ ಮಾಡುವ ವಿದ್ಯೆ ಮೈಸೂರಿಗೆ ಹೊಸತೂ ಆಗಿರಲಿಲ್ಲ. ಅದೇ ಮಹಾಯುದ್ಧದಲ್ಲಿ ಶ್ರೀಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಾಗ, 1916ರಲ್ಲಿ ಬೆಂಗಳೂರಿನಲ್ಲೇ ಎಣ್ಣೆ ಇಳಿಸಿದ ಸಂಸ್ಥಾನ ಅದು. ಮ್ಯಾಂಗನೀಸನ್ನು ಮಾತ್ರ ಅದು ಉಕ್ಕಿನ ಕಣ್ಣಿನಿಂದಲೇ ನೋಡಿತು.