ತೊಳೆಯದ ಚಿನ್ನ

ಚಿನ್ನಕ್ಕೆ ಕಿಲುಬಿಲ್ಲ ಎನ್ನುತ್ತೇವೆ. ಆದರೆ ನಾಣ್ಯದ ಚಿನ್ನವೆಲ್ಲ ಅಪ್ಪಟವಲ್ಲ. 1817ರಲ್ಲಿ ಲಂಡನ್ನಿನ ಟಂಕಸಾಲೆಯಲ್ಲಿ ಹೊಸ ರೂಪು ತಳೆದ ಸವರನ್ನು 22 ಕ್ಯಾರೆಟ್ಟಿನದು. ಹನ್ನೆರಡರಲ್ಲಿ ಒಂದು ಪಾಲು ಬೆರಕೆ, ಹೆಚ್ಚಾಗಿ ತಾಮ್ರ. ಕಾಲ ಕಳೆದಂತೆ ಆ ತಾಮ್ರವೇ ನಾಣ್ಯದ ಮೈಗೆ ತೆಳುವಾದ ಕೆಂಬಣ್ಣವನ್ನು ತರುತ್ತದೆ. ಬಲ್ಲ ಸಂಗ್ರಾಹಕರು ಅರಸುವುದು ಅದನ್ನೇ.

1918ರಲ್ಲಿ, ಅದೊಂದೇ ವರ್ಷ, ಮುಂಬಯಿಯಲ್ಲಿಯೂ ಸವರನ್ನುಗಳು ಅಚ್ಚಾದವು. ಸಂತ ಜಾರ್ಜನ ಕುದುರೆಯ ಕಾಲಡಿಯ ನೆಲದಲ್ಲಿರುವ 'ಐ' ಎಂಬ ಪುಟ್ಟ ಅಕ್ಷರವೇ ಅವುಗಳ ಗುರುತು. ನಮ್ಮಲ್ಲಿಗೆ ಬಂದ ಸವರನ್ನುಗಳಲ್ಲಿ ಕೆಲವು ಕೊಂಡಿ ಬೆಸೆಸಿಕೊಂಡು ಸರ ಸೇರಿದವು, ಕೆಲವು ಮೂಸೆ ಸೇರಿದವು. ಉಳಿದುದನ್ನು ಹೊಳಪಿಗೆಂದು ಉಜ್ಜಿದರೆ, ಅಚ್ಚು ಬಿದ್ದ ಗಳಿಗೆಯಲ್ಲಿ ಮೂಡಿದ ನವುರಾದ ಗೆರೆಗಳು ಅಳಿಯುತ್ತವೆ. ಚಿನಿವಾರನ ತಕ್ಕಡಿಗೆ ಆ ನಷ್ಟ ಕಾಣದು. ಕಳೆದ ಮೈಯಂತೂ ಮರಳಿ ಬಾರದು. ಶಾಸನದ ಕಲ್ಲನ್ನು ನುಣುಪಾಗಲೆಂದು ಯಾರಾದರೂ ಉಜ್ಜುತ್ತಾರೆಯೇ?