ಕೆರೆ ಪಕ್ಕದ ಮನೆ, ಯಾರ ಮನೆ?

ಕಮಲಾಪುರ ಅಂತ ಹೋಟೆಲ್ ಆ್ಯಪ್‌ನಲ್ಲಿ ಹುಡುಕುವವರಿಗೆ ಮೊದಲೇ ಒಂದು ಮಾತು. ನಮ್ಮ ರಾಜ್ಯದಲ್ಲಿ ಆ ಹೆಸರಿನ ಊರು ಒಂದೇ ಅಲ್ಲ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವಾಗ ಸಿಗುವುದು ಕೆಂಪು ಬಾಳೆಹಣ್ಣಿನ ಕಮಲಾಪುರ. ಹಂಪಿಗೆ ತಾಗಿಕೊಂಡಿರುವುದು ಕೆರೆಯ ಕಮಲಾಪುರ. ರೂಮ್ ಹುಡುಕುವವರಿಗೆ ಬೇಕಾಗಿರುವುದು ಸಾಮಾನ್ಯವಾಗಿ ಎರಡನೆಯದು. ವೀಕೆಂಡ್ ಹತ್ತಿರ ಬಂದಾಗ ನಾವೆಲ್ಲ ಹುಡುಕುವುದು ಎರಡೇ ತಾನೇ? ಒಂದು ಲೇಕ್ ವ್ಯೂ, ಇನ್ನೊಂದು 'ಮನೆಯಂಥ ವಾತಾವರಣ'. ಕೆರೆ ಕಿಟಕಿಯಿಂದ ಕಾಣುತ್ತದೆ, ಸರಿ. ಆದರೆ ಆ 'ಮನೆ' ಯಾರದು?

ಕಮಲಾಪುರದ ಕೆರೆ ಯಾರ ಕಿಟಕಿಗೂ ಕಟ್ಟಿದ್ದಲ್ಲ. ವಿಜಯನಗರದ ಕಾಲದ್ದು, ತುಂಗಭದ್ರೆಯ ನೀರು ರಾಯ ಕಾಲುವೆಯಲ್ಲಿ ಹರಿದು ಇಲ್ಲಿಗೆ ಬರುತ್ತಿತ್ತು. ಬಂಡೆಗಳೇ ತುಂಬಿದ ಈ ಸೀಮೆಯಲ್ಲಿ ಅಷ್ಟು ದೊಡ್ಡ ಊರು ಉಂಡು ಕುಡಿದು ಬದುಕಿದ್ದು ಇಂಥ ಕೆರೆ–ಕಾಲುವೆಗಳಿಂದ.

ಆ ಊರಿಗೆ 1443ರಲ್ಲಿ ಒಬ್ಬ ಅತಿಥಿ ಬಂದ. ಹೆರಾತಿನ ಶಾರುಖ್ ಕಳಿಸಿದ ರಾಯಭಾರಿ, ಹೆಸರು ಅಬ್ದುರ್ ರಜಾಕ್. ಇಮ್ಮಡಿ ದೇವರಾಯನ ಆಸ್ಥಾನ ಅವನಿಗೆ ಎತ್ತರದ ಒಂದು ಮನೆ ಬಿಟ್ಟುಕೊಟ್ಟಿತು. ದಿನಾ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಹ. ಇದನ್ನೆಲ್ಲ ಅವನೇ ಲೆಕ್ಕ ಇಟ್ಟು ಬರೆದಿದ್ದಾನೆ. ಯಾವ ಫೈವ್ ಸ್ಟಾರ್ ಹೋಟೆಲ್ ಕೊಡುತ್ತೆ ಇದನ್ನ? ಆದರೆ ಹೊರ್ಮುಜ್ ಕಡೆಯವರು ಕೆಲವರು 'ಇವನು ನಿಜವಾದ ರಾಯಭಾರಿಯೇ ಅಲ್ಲ' ಅಂತ ಗುಸುಗುಸು ಹಬ್ಬಿಸಿದರು. ಆದರ ತಣ್ಣಗಾಯಿತು. ರೇಟಿಂಗ್ ಬಿದ್ದದ್ದು ಮನೆಯದಲ್ಲ, ಅತಿಥಿಯದು! ಗುರುತು ಗಟ್ಟಿ ಇದ್ದಷ್ಟು ದಿನ ಮಾತ್ರ ಅದು ಅವನ ಮನೆ.

1565ರ ನಂತರ ರಾಜಧಾನಿ ಪಾಳುಬಿತ್ತು. ಕೆರೆ ಉಳಿಯಿತು, ಅದನ್ನು ನಂಬಿದ ಹೊಲಗದ್ದೆ ಉಳಿದವು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಹಾಳು ಹಂಪಿ ನೋಡಲು ಬರುವ ಸಾಹೇಬರಿಗೆ ತಂಗಲು ಜಾಗ ಬೇಕಾಯಿತು. ಆಗ ಕಮಲಾಪುರದ ಹಳೆಯ ಗುಡಿಯೊಂದನ್ನೇ ಬಂಗಲೆ ಮಾಡಿಕೊಂಡರು. ಹೌದು, ಗುಡಿಯನ್ನೇ. ಕಲ್ಲುಗಂಬಗಳ ನಡುವೆ ಮಂಚ, ಕುರ್ಚಿ, ಊಟದ ಮೇಜು. ನಮ್ಮ ಭಾಗದ ಕೆರೆಯೂರಿನ ಮೊದಮೊದಲ 'ಹೆರಿಟೇಜ್ ಸ್ಟೇ' ಅಂತ ನಾನು ಲೆಕ್ಕ ಹಾಕುವುದು ಇದನ್ನೇ. ದೇವರ ಮನೆ ಸಾಹೇಬರ ಮನೆಯಾಯಿತು. ಇಂಥ ಸರ್ಕಾರಿ ಬಂಗಲೆಗಳ ರೂಢಿ ನಿಮಗೂ ಗೊತ್ತು: ಮೊದಲ ಹಕ್ಕು ಡ್ಯೂಟಿ ಮೇಲೆ ಬಂದ ಅಧಿಕಾರಿಗೆ, ಉಳಿದವರಿಗೆ ಪರ್ಮಿಶನ್ ಬೇಕು. ನೆರಳು, ನೀರು, ನೆಮ್ಮದಿ ಎಲ್ಲ ಇತ್ತು. ಬಾಗಿಲಲ್ಲಿ ಮಾತ್ರ ಒಂದು ಪ್ರಶ್ನೆ ನಿಂತಿರುತ್ತಿತ್ತು: ನೀವ್ಯಾರು?

ಕಲಬುರಗಿಯಲ್ಲೂ ಆ ಪ್ರಶ್ನೆ ಕೇಳುವ ಮನೆ ಇತ್ತು. ನಿಜಾಮರಿಗಾಗಿ ಕಟ್ಟಿದ ಐವಾನ್-ಎ-ಶಾಹಿ ಈಗ ಸರ್ಕಾರಿ ಅತಿಥಿಗೃಹ. ಒಡೆಯ ಬದಲಾದ, ಬಾಗಿಲಿನ ಪ್ರಶ್ನೆ ಅಷ್ಟಾಗಿ ಬದಲಾಗಲಿಲ್ಲ.

ಆದರೆ ಅದೇ ಊರಿನಲ್ಲಿ, ಇನ್ನೊಂದು ಕೆರೆಯ ಪಕ್ಕದಲ್ಲಿ, ಬೇರೆಯದೇ ಒಂದು ಲೆಕ್ಕ ನಡೆದಿತ್ತು. ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746–1822) ಒಕ್ಕಲುತನದ ಮನೆಯವರು. ಹೊಲದ ಕಾಳನ್ನು ಹಕ್ಕಿಗಳಿಗೂ ಬಿಟ್ಟರು ಅನ್ನುವ ಕಥೆಯನ್ನು ನಮ್ಮ ಕಡೆ ಚಿಕ್ಕ ಮಕ್ಕಳೂ ಹೇಳುತ್ತಾರೆ. ಊರು ಬಿಟ್ಟು ಕಲಬುರಗಿಗೆ ಬಂದು ನೆಲೆಸಿ ದಾಸೋಹ ನಡೆಸಿದರು. ಗುಡಿಯ ಬಳಿಯ ಕೆರೆಗೆ ಜನ ಇಟ್ಟ ಹೆಸರು ಅಪ್ಪನ ಕೆರೆ. ಹೋಳಿ ಆದ ಮೇಲೆ ಬರುವ ಜಾತ್ರೆಯಲ್ಲಿ ಹಳ್ಳಿಹಳ್ಳಿಯ ಜನ ಬುತ್ತಿ ಬಿಚ್ಚಿ, ಪ್ರಸಾದ ಉಂಡು, ಸಿಕ್ಕ ನೆರಳಲ್ಲಿ ಅಡ್ಡಾಗುತ್ತಾರೆ. ಅವರಿಗೆ ಚೆಕ್-ಇನ್ ಇಲ್ಲ, ಚೆಕ್-ಔಟ್ ಇಲ್ಲ. ಆಧಾರ್ ಕಾರ್ಡಂತೂ ಯಾರೂ ಕೇಳಲ್ಲ. ಕೇಳಿದರೆ ಒಂದೇ ಕೇಳ್ತಾರೆ: "ಊಟ ಆತೇನ್ರಿ?"

ದಾಸೋಹ ಅನ್ನುವ ಪದದಲ್ಲೇ ಎಲ್ಲ ಇದೆ. ಉಣ್ಣಿಸುವವನು ದಾಸ, ದಾನಿ ಅಲ್ಲ. ಆದ್ದರಿಂದ ಉಣ್ಣುವವನ ಮೇಲೆ ಋಣದ ಭಾರವಿಲ್ಲ. ರಾಜನ ಆತಿಥ್ಯಕ್ಕೆ ಅಂತಸ್ತು ಬೇಕಿತ್ತು, ಬಂಗಲೆಗೆ ಹುದ್ದೆ ಬೇಕಿತ್ತು, ಹೋಟೆಲ್ಲಿಗೆ ದುಡ್ಡು ಬೇಕು. ಇಲ್ಲಿ ಹಸಿವು ಇದ್ದರೆ ಸಾಕು. ಅದೇ ಊರಿನ ಬಂದೇನವಾಜ್ ದರ್ಗಾಕ್ಕೆ ಬಂದವರೂ ಹಾಗೇ, ಗೋಡೆಗೆ ಒರಗಿ ಕೂತು ದಣಿವಾರಿಸಿಕೊಳ್ಳುತ್ತಾರೆ.

ಹೋಟೆಲ್ ಬೇಡ ಅಂತ ನಾನು ಹೇಳ್ತಿಲ್ಲ. ದುಡ್ಡು ಕೊಟ್ಟರೆ ಯಾರಿಗಾದರೂ ರೂಮ್ ಸಿಗಬೇಕು ಅನ್ನುವುದು ಬಂಗಲೆಯ ಕಾಲಕ್ಕಿಂತ ದೊಡ್ಡ ಮುನ್ನಡೆಯೇ. ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿಗೆ ಯಾರು ಬೇಕಾದರೂ ಬುಕ್ ಮಾಡಬಹುದು. ಕಲೆಕ್ಟರ್ ಚೀಟಿ ಬೇಕಿಲ್ಲ. ಆದರೂ ಹೆಸರು, ಜಾತಿ, ಧರ್ಮ, ಜೊತೆಗಿರುವವರು ಯಾರು ಅಂತ ನೋಡಿ 'ರೂಮ್ ಫುಲ್' ಅನ್ನುವ ಕೌಂಟರ್‌ಗಳು ನಮ್ಮ ನಡುವೆ ಇವೆ. ಬೋರ್ಡ್ ಮೇಲೆ ಮಾತ್ರ 'ಮನೆಯಂಥ ವಾತಾವರಣ'. ಬಂಗಲೆಯ ಆ ಹಳೇ ಪ್ರಶ್ನೆ ಇನ್ನೂ ಡ್ಯೂಟಿಯಲ್ಲಿದೆ ಅಂತಾಯ್ತು.

ಮೆತ್ತನೆ ಹಾಸಿಗೆ, ಬಿಸಿ ಕಾಫಿಯಿಂದ ಮನೆ ಆಗುವುದಿಲ್ಲ. ಯಾರನ್ನು ಒಳಗೆ ಬಿಡುತ್ತೇವೆ ಅನ್ನುವುದರಿಂದ ಆಗುತ್ತದೆ. ಕೆರೆ ಕಟ್ಟಿದವರು ದಂಡೆಗೆ ಬಂದವರ ಹೆಸರು ಕೇಳಿ ನೀರು ಬಿಟ್ಟಿದ್ದರು ಅಂತಲ್ಲ. ಅಲ್ಲೂ ಅಂತಸ್ತು, ಜಾತಿ, ಸರದಿ ಎಲ್ಲ ಇದ್ದವು. ಅಂಥ ಕಾಲದಲ್ಲೇ, ಕಲಬುರಗಿಯ ಕೆರೆಯ ಬದಿಗೆ ಒಬ್ಬ ಒಕ್ಕಲಿಗ ಬಂದವರನ್ನೆಲ್ಲ ಕೂರಿಸಿ ಉಣ್ಣಿಸಿದ. ಆ ಪಂಕ್ತಿ ಇವತ್ತಿಗೂ ಮುಗಿದಿಲ್ಲ.