ಖಡಿ, ಹೊಯ್ಗೆ, ಗರಸು: ಘಟ್ಟದ ಮೇಲೆ ಬರೆಯದೆ ಉಳಿದ ಲೆಕ್ಕ

ಶಿರಸಿಯಲ್ಲಿ ಪರಿಸರದ ಸಭೆ ಎಲ್ಲೇ ನಡೆಯಲಿ, ಈಚೆಗೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡುವ ಮರಳು) ಬಂದಮೇಲೆ ನದಿಗಳು ಬದುಕಿದವು. ಅದರ ಬೆನ್ನಿಗೇ ಇನ್ನೊಂದು: ಕಲ್ಲುಕ್ವಾರಿಗಳ ಕಾಟ ಬಯಲುಸೀಮೆಗೆ, ನಾವು ಮಲೆನಾಡಿನವರು ಬಚಾವು. ಮೊದಲನೆಯದು ಅರ್ಧ ನಿಜ. ಎರಡನೆಯದು ತಮ್ಮ ಮನೆಯಂಗಳದ ಕಾಂಕ್ರೀಟನ್ನು ನೋಡದವರು ಆಡುವ ಮಾತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮರಗಳ ಬಗ್ಗೆ, ತೋಟಕ್ಕೆ ಬಿಟ್ಟ ಸೊಪ್ಪಿನ ಬೆಟ್ಟದ ಬಗ್ಗೆ, ಬೇಡ್ತಿ-ಅಘನಾಶಿನಿಯ ನೀರಿನ ಬಗ್ಗೆ ನಲವತ್ತು ವರ್ಷಗಳಿಂದ ಬರೆದದ್ದು ಕಪಾಟು ತುಂಬುವಷ್ಟಿದೆ. 1983ರಲ್ಲಿ ಸಾಲ್ಕಣಿಯ ಸುತ್ತಿನವರು ಮರ ಅಪ್ಪಿಕೊಂಡ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಈ ಮೂರು ತಾಲ್ಲೂಕಿನ ಮನೆ, ರಸ್ತೆ, ಮೋರಿ, ಕಾಲುಸಂಕಗಳಿಗೆ ಕಲ್ಲು ಎಲ್ಲಿಂದ ಬಂತು, ಹೇಗೆ ಬಂತು, ಯಾರು ಒಡೆದರು ಎಂಬುದನ್ನು ಯಾರಾದರೂ ಕೂತು ಬರೆದದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಭೈರುಂಬೆಯ ಆಚೀಚೆ ರಸ್ತೆ ಕೆಲಸ ಮಾಡಿಸುತ್ತಲೇ ತಲೆ ನರೆತವನು ನಾನು. ಬರೆಯುವವರಿಗಾಗಿ ಕಾದದ್ದು ಸಾಕೆನ್ನಿಸಿ ಕೂತಿದ್ದೇನೆ.

ಹಳೆಯ ಕಾಲವನ್ನು ಬೇಗ ದಾಟಿಬಿಡೋಣ. ನಮ್ಮ ನೆಲದ ಮೇಲ್ಪದರ ಜಂಬಿಟ್ಟಿಗೆ, ಅಂದರೆ ಚಿರೆಕಲ್ಲು. ಅದರ ಅಡಿಗೆ ಶಿವಮೊಗ್ಗೆಯಿಂದ ಗೋವೆಯ ತನಕ ಹಬ್ಬಿದ ಶಿಸ್ಟ್ ಪಟ್ಟಿಯ ಕಲ್ಲುಗಳು, ಅಲ್ಲಲ್ಲಿ ನೈಸು ಎಂಬ ಶಿಲೆ. ಸೋದೆಯ ಕೋಟೆಯಿಂದ ಹಿಡಿದು ತೋಟದ ಪಾಗಾರದವರೆಗೆ ಕೈಗೆ ಸಿಕ್ಕ ಕಲ್ಲಿನಲ್ಲೇ ಕಟ್ಟಿದರು. 1801ರಲ್ಲಿ ಸೋದೆ-ಶಿರಸಿಯ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ತನ್ನ 1807ರ ಪುಸ್ತಕದಲ್ಲಿ ಮಲಬಾರಿನ ಅಂಗಡಿಪುರದ ಇದೇ ಕೆಂಪುಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟ. ಕಡಿಯುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಗೋಡೆಗೆ ಇದಕ್ಕಿಂತ ಅನುಕೂಲದ ಕಲ್ಲಿಲ್ಲ. ನೀರು ಹೀರುವ ಗುಣದಿಂದಾಗಿ ಕಾಂಕ್ರೀಟಿಗೆ ಒಗ್ಗುವುದಿಲ್ಲ. ಸುಣ್ಣ, ಮಣ್ಣು, ಚಿರೆಕಲ್ಲಿನ ಕಾಲದಲ್ಲಿ ಆ ಕೊರತೆ ಯಾರಿಗೂ ತಟ್ಟಲಿಲ್ಲ.

ಒಡೆದ ಕಲ್ಲು ಇಲ್ಲಿಗೆ ಬಂದದ್ದು ಬಂಡಿದಾರಿಯ ಜೊತೆ. ಸ್ಕಾಟ್ಲೆಂಡಿನ ಮೆಕಾಡಮ್ 19ನೇ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟದ್ದು ಸರಳ ಸಂಗತಿ: ಮೂಲೆಗಳುಳ್ಳ ಸಣ್ಣ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಕೂತರೆ, ಅಡಿಯ ಮಣ್ಣು ಒಣಗಿದ್ದರೆ, ರಸ್ತೆಗೆ ದೊಡ್ಡ ಬುನಾದಿ ಬೇಡ. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದ ಕಾಲದಲ್ಲಿ, 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿದ ನಂತರ, ಈ ವಿದ್ಯೆ ಘಟ್ಟದ ರಸ್ತೆಗಳಿಗೂ ಬಂತು. ಅಮೆರಿಕದಲ್ಲಿ ಎಲೈ ವಿಟ್ನಿ ಬ್ಲೇಕ್ ದವಡೆಯಂತೆ ಕಲ್ಲು ಅಗಿಯುವ ಯಂತ್ರಕ್ಕೆ 1858ರಲ್ಲೇ ಪೇಟೆಂಟ್ ಪಡೆದಿದ್ದ. ನಮ್ಮ ಹಳ್ಳಿರಸ್ತೆಗಳು ಅದಾದ ನೂರು ವರ್ಷದ ಮೇಲೂ ಸುತ್ತಿಗೆಯ ಬಲದಲ್ಲೇ ನಡೆದವು.

ಆ ಸುತ್ತಿಗೆಯ ಕೊನೆಯ ದಿನಗಳನ್ನು ನಮ್ಮ ತಲೆಮಾರು ಕಂಡಿದೆ. ರಸ್ತೆಯ ಬದಿಗೆ ಬೋಲ್ಡರ್ ರಾಶಿ, ಅದರ ಪಕ್ಕ ಸೋಗೆಯ ನೆರಳು, ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು ಒಡೆಯುವ ಗಂಡಸರು, ಹೆಂಗಸರು. ಹೆಚ್ಚಿನವರು ಭೋವಿ ಸಮುದಾಯದವರು, ಬಯಲುಸೀಮೆಯಿಂದ ಬಂದವರು. ಬಂಡೆಗೆ ಚಾಣದಲ್ಲಿ ಕುಳಿ ಹೊಡೆದು ಮದ್ದು ಇಡುವವರು ಬೇರೆ, ಬಿದ್ದ ಬಂಡೆಯನ್ನು ಸೀಳುವವರು ಬೇರೆ, ಖಡಿ, ಅಂದರೆ ಜಲ್ಲಿ, ಮಾಡುವವರು ಬೇರೆ. ಒಡೆದದ್ದನ್ನು ರಾಶಿ ಕಟ್ಟಿದ ಮೇಲೆ ನಾವು ಟೇಪು ಹಿಡಿದು ಅಳೆದು ಎಂ.ಬಿ. (ಅಳತೆ ಪುಸ್ತಕ) ಬರೆಯುತ್ತಿದ್ದೆವು, ನೂರು ಘನ ಅಡಿಗೆ ಒಂದು ಬ್ರಾಸ್. ರಾಶಿಯ ಹೊಟ್ಟೆಯಲ್ಲಿ ಮಣ್ಣು ಸೇರಿಸಿ ಎತ್ತರ ತೋರಿಸುವ ಗುತ್ತಿಗೆದಾರರೂ ಇದ್ದರು, ಗುದ್ದಲಿ ಹಾಕಿಸಿ ಒಳಗನ್ನು ನೋಡುವ ಮೇಸ್ತ್ರಿಗಳೂ ಇದ್ದರು.

ಆ ಖಡಿಯ ಗುಣ ಹೇಳಲೇಬೇಕು. ಕೈಯಲ್ಲಿ ಒಡೆಯುವವನು ಕಲ್ಲಿನ ಎಳೆ ನೋಡಿ ಹೊಡೆಯುತ್ತಾನೆ, ಹಾಗಾಗಿ ತುಂಡು ಹೆಚ್ಚುಕಡಿಮೆ ಚೌಕವಾಗಿ ಬರುತ್ತದೆ. ಅದನ್ನು ಹರಡಿ, ಉರುಳುಗಲ್ಲು ಹಾಯಿಸಿ, ಸಣ್ಣ ಖಡಿ ಚೆಲ್ಲಿ ಸಂದು ಮುಚ್ಚಿ, ಗರಸು ಮಣ್ಣು ಹಾಕಿ ನೀರು ಹೊಡೆದು ಮತ್ತೆ ಉರುಳಿಸಿದರೆ ಆಗುವುದೇ ವಾಟರ್ ಬೌಂಡ್ ಮೆಕಾಡಮ್. ಎರಡನೇ ಶ್ರೇಣಿಗೆ 63ರಿಂದ 45 ಮಿ.ಮೀ., ಮೂರನೆಯದಕ್ಕೆ 53ರಿಂದ 22.4 ಮಿ.ಮೀ. ಗಾತ್ರದ ಖಡಿ, ಉರುಳಿಸಿದ ಮೇಲೆ ಒಂದೊಂದು ಪದರ 75 ಮಿ.ಮೀ. ದಪ್ಪ. ಈಗಿನ ಹುಡುಗರಿಗೆ ಇದು ಹಳೇ ಪದ್ಧತಿ. ಪ್ಲಾಂಟಿನಲ್ಲಿ ಕಲಸಿ ಟಿಪ್ಪರಿನಲ್ಲಿ ತಂದು ಸುರಿಯುವ ವೆಟ್ ಮಿಕ್ಸ್ ಹೆದ್ದಾರಿಗೆ ಸರಿಯೆಂಬುದನ್ನು ಒಪ್ಪೋಣ. ಆದರೆ ದಿನಕ್ಕೆ ನಾಲ್ಕು ಜೀಪು ಓಡಾಡುವ ಕೇರಿಯ ರಸ್ತೆಗೆ, ಪಕ್ಕದಲ್ಲೇ ಗರಸು ಸಿಗುವ ಕಡೆ, ನೀರು ಹರಿಯುವ ಚರಂಡಿ ನೆಟ್ಟಗಿದ್ದರೆ, ಈ ಪದ್ಧತಿಯನ್ನು ಮೀರಿಸಿದ್ದು ನನಗಂತೂ ಕಂಡಿಲ್ಲ. ಕೆಟ್ಟರೆ ಊರಿನವರೇ ಸರಿಪಡಿಸಿಕೊಳ್ಳಬಹುದು. ಕಾಂಕ್ರೀಟ್ ರಸ್ತೆ ಬಿರಿದರೆ ಮುಂದಿನ ಅನುದಾನ ಬರುವವರೆಗೆ ಬಿರಿದೇ ಇರುತ್ತದೆ.

ಕೈಯಲ್ಲಿ ಒಡೆದ ಈ ಖಡಿಯ ಬೆಲೆಯನ್ನು ತೆತ್ತವರು ಮಾತ್ರ ಬೇರೆ. ಕಲ್ಲಿನ ದೂಳು ಶ್ವಾಸಕೋಶಕ್ಕೆ ಇಳಿದು ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಎಂ.ಬಿ.ಯಲ್ಲಿ ಬ್ರಾಸುಗಳ ಲೆಕ್ಕವಿದೆ, ಕೆಮ್ಮಿ ಊರಿಗೆ ವಾಪಸಾದವರ ಲೆಕ್ಕವಿಲ್ಲ.

ಖಡಿ ಮಶೀನು ಬಂದದ್ದು ದೊಡ್ಡ ಕಾಮಗಾರಿಗಳ ಬಾಲ ಹಿಡಿದು. ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಆಮೇಲೆ ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿ, ಕೆಳಗಿನ ಕದ್ರಾ, ಕೈಗಾ ಅಣುಸ್ಥಾವರ, 1990ರಲ್ಲಿ ಶುರುವಾಗಿ 1998ರಲ್ಲಿ ಪೂರ್ತಿ ತೆರೆದ ಕೊಂಕಣ ರೈಲು. ಎರಡು ದಶಕ ಜಿಲ್ಲೆಯುದ್ದಕ್ಕೂ ಕಲ್ಲು ಒಡೆದದ್ದೇ ಒಡೆದದ್ದು. ಅಲ್ಲಿ ಯಂತ್ರ ನಡೆಸಲು ಕಲಿತವರು, ಕೆಲಸ ಮುಗಿದಾಗ ಅಗ್ಗಕ್ಕೆ ಸಿಕ್ಕ ಬಿಡಿಭಾಗಗಳು, ಬ್ಯಾಂಕಿನ ಸಾಲ ಎಲ್ಲ ಕೂಡಿ 16×9 ಇಂಚು ಬಾಯಿಯ ಸಣ್ಣ ಕ್ರಷರುಗಳು ಅಲ್ಲಲ್ಲಿ ತಲೆ ಎತ್ತಿದವು. ಬಾಯಿಗೆ ಬೋಲ್ಡರ್ ಹಾಕುವುದು ಕೈಯಲ್ಲೇ, ಜರಡಿ ಒಂದೇ. ಮುಕ್ಕಾಲಿಂಚು, ಅರ್ಧ ಇಂಚು, ಬೇಬಿ, ಉಳಿದದ್ದು ಡಸ್ಟ್. ಡಸ್ಟಿಗೆ ಗಿರಾಕಿ ಇರಲಿಲ್ಲ. ಕ್ರಷರಿನ ಹಿಂದೆ ಗುಡ್ಡೆ ಬಿದ್ದು ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯುತ್ತಿತ್ತು. ದವಡೆ ಯಂತ್ರ ಒಂದೇ ಇದ್ದರೆ ಇನ್ನೊಂದು ತೊಂದರೆ. ಶಿಸ್ಟಿನಂಥ ಪದರಗಲ್ಲನ್ನು ಅದು ಚಪ್ಪಟೆ ಚಕ್ಕೆಯಾಗಿ ಉಗುಳುತ್ತದೆ. ಚಕ್ಕೆಗಲ್ಲು ಡಾಂಬರಿನಲ್ಲಿ ಮುರಿಯುತ್ತದೆ, ಕಾಂಕ್ರೀಟಿನಲ್ಲಿ ಹೆಚ್ಚು ನೀರು ಬೇಡುತ್ತದೆ. ಒಳ್ಳೆಯ ನೈಸು ಸಿಕ್ಕವನ ಖಡಿಗೂ ಸಿಗದವನ ಖಡಿಗೂ ಒಂದೇ ದರ ಕೊಡುವುದು ಅಂದಿನ ರೂಢಿ, ಬಹಳ ಕಡೆ ಇಂದಿಗೂ ರೂಢಿ.

ಪರೀಕ್ಷೆ ಎಂಬುದು ಹಳ್ಳಿಗೆ ಬಂದದ್ದು 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ. ಖಡಿಯನ್ನು ಗುಂಡಿನಿಂದ ಗುದ್ದಿ ಎಷ್ಟು ಪುಡಿಯಾಯಿತೆಂದು ತೂಗುವ ಆಘಾತ ಪರೀಕ್ಷೆ, ಚಪ್ಪಟೆ ಅಳೆಯುವ ಗೇಜು, ಜರಡಿಗಳ ಸೆಟ್ಟು ಕಾಮಗಾರಿ ಸ್ಥಳಕ್ಕೇ ಬಂದವು. ಯೋಜನೆಗಳ ಬಗ್ಗೆ ಏನೇ ಗೊಣಗಿದರೂ ಈ ಒಂದು ಉಪಕಾರವನ್ನು ನಾನು ಮರೆಯಲಾರೆ. ಅಲ್ಲಿಯ ತನಕ ಕಲ್ಲಿನ ಗುಣವೆಂದರೆ ಹಿರಿಯ ಮೇಸ್ತ್ರಿಯ ಕಣ್ಣಂದಾಜು.

ಹೊಯ್ಗೆಯ, ಅಂದರೆ ಮರಳಿನ, ಕಥೆ ಸಮಾನಾಂತರವಾಗಿ ಓಡಿದೆ. ಮೊದಲು ಹಳ್ಳದ್ದೇ ಸಾಕಾಗುತ್ತಿತ್ತು. ಮಳೆ ಬಿಟ್ಟಮೇಲೆ ಹಳ್ಳದ ತಿರುವಿನಲ್ಲಿ ಕೂತದ್ದನ್ನು ಎತ್ತಿನ ಗಾಡಿಯಲ್ಲಿ ತಂದು ಜರಡಿ ಹಿಡಿದರೆ ಮನೆ ಗಿಲಾವಿಗೆ ಆಯಿತು. ತಾರಸಿ ಮನೆಗಳು ಎದ್ದಂತೆ ಕರಾವಳಿಯ ಅಘನಾಶಿನಿ, ಗಂಗಾವಳಿ, ಶರಾವತಿಯ ಮರಳು ಘಟ್ಟ ಹತ್ತಿತು. ಮೂಡಲಿಂದ ಹಾವೇರಿ ಕಡೆಯ ತುಂಗಭದ್ರೆಯದೂ ಬಂತು. ಕಾನೂನಿನಲ್ಲಿ ಇವೆಲ್ಲ ಸಣ್ಣ ಖನಿಜ. 1957ರ ಗಣಿ ಕಾಯ್ದೆ ಇವನ್ನು ರಾಜ್ಯಗಳ ಕೈಗೆ ಬಿಟ್ಟಿತು, ಕರ್ನಾಟಕ 1994ರಲ್ಲಿ ತನ್ನ ಉಪಖನಿಜ ನಿಯಮ ಮಾಡಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಷ್ಟರಲ್ಲೇ ಬಂದಿತ್ತು. ನೆಲದ ಬಹುಪಾಲು ಕಾಡಾಗಿರುವ ನಮ್ಮ ಜಿಲ್ಲೆಯಲ್ಲಿ ಅದರ ಅರ್ಥ ಸ್ಪಷ್ಟ: ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕೊಯ್ಯಬಹುದು, ಕಲ್ಲು ಎತ್ತುವಂತಿಲ್ಲ.

2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಸಣ್ಣ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದಿತು. ನ್ಯಾಯವಾದ ತೀರ್ಪು. ಕಡತ ತಯಾರಿಸಲು ಸಲಹೆಗಾರರನ್ನು ಇಟ್ಟುಕೊಳ್ಳಬಲ್ಲವನು ಉಳಿದ, ಎರಡು ಗುಂಟೆಯಲ್ಲಿ ಕಲ್ಲು ಸೀಳುತ್ತಿದ್ದವನು ಹೋದ. ಅದೇ ಹೊತ್ತಿಗೆ ಕ್ರಷರುಗಳಿಗೆ ಪ್ರತ್ಯೇಕ ಕಾಯ್ದೆ ಬಂದು, ಸುರಕ್ಷಿತ ವಲಯ ಎಂದು ಗುರುತಾದ ಕಡೆ ಮಾತ್ರ ಅವಕ್ಕೆ ಜಾಗವಾಯಿತು. 2021ರ ಜನವರಿಯಲ್ಲಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ, ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತ ಮೇಲೆ ಮದ್ದಿನ ಪರವಾನಗಿಯೂ ಬಿಗಿಯಾಯಿತು. ಒಂದೊಂದು ಕ್ರಮವೂ ಬೇಕಿದ್ದದ್ದೇ. ಒಟ್ಟು ಫಲ ಮಾತ್ರ, ಕಲ್ಲಿನ ಮೂಲ ಊರಿನಿಂದ ದೂರ ದೂರ ಸರಿದದ್ದು. ದೂರವಾದಷ್ಟೂ ಅದರ ಗಾಯ ನಮಗೆ ಕಾಣುವುದಿಲ್ಲ.

ಇನ್ನು ಎಂ-ಸ್ಯಾಂಡ್. ನ್ಯೂಜಿಲೆಂಡಿನ ಬಾರ್ಟ್ಲಿ ಮತ್ತು ಮ್ಯಾಕ್‌ಡೊನಾಲ್ಡ್ ರೂಪಿಸಿದ ಬಾರ್ಮ್ಯಾಕ್ ಯಂತ್ರ ಕಲ್ಲನ್ನು ಕಲ್ಲಿಗೇ ವೇಗವಾಗಿ ಎಸೆದು ಒಡೆಯುತ್ತದೆ. ತಿರುಗುವ ನಡುದಂಡದಿಂದ ಚಿಮ್ಮಿದ ಕಲ್ಲು ಸುತ್ತ ಕೂತ ಕಲ್ಲಿನ ಗೋಡೆಗೆ ಬಡಿದಾಗ ಚಕ್ಕೆಯ ಮೂಲೆ ಮುರಿದು ಕಾಳು ದುಂಡಗಾಗುತ್ತದೆ. ಈ ಬಗೆಯ ಯಂತ್ರವೂ ತೊಳೆಯುವ ವ್ಯವಸ್ಥೆಯೂ ಇದ್ದರೆ ಬರುವುದು ಎಂ-ಸ್ಯಾಂಡ್. ಇಲ್ಲದಿದ್ದರೆ ಬರುವುದು ಅದೇ ಹಳೆಯ ಡಸ್ಟ್, ಹೊಸ ಬಿಲ್ಲಿನಲ್ಲಿ. 1970ರ ಐಎಸ್ 383 ಮಾನದಂಡದ ತಲೆಬರಹದಲ್ಲೇ ‘ನೈಸರ್ಗಿಕ ಮೂಲದ’ ಎಂದಿತ್ತು. 2016ರ ಪರಿಷ್ಕರಣೆಯಲ್ಲಿ ಆ ಮಾತು ಬಿದ್ದುಹೋಯಿತು. 75 ಮೈಕ್ರಾನಿಗಿಂತ ನುಣುಪಾದ ಪುಡಿ ನದಿ ಮರಳಿನಲ್ಲಿ ನೂರಕ್ಕೆ 3ನ್ನು ದಾಟಬಾರದು, ಒಡೆದ ಮರಳಿನಲ್ಲಿ 15ರವರೆಗೆ ಆಗಬಹುದು. ಈ ರಿಯಾಯಿತಿ ಕಲ್ಲಿನ ಪುಡಿಗೆ ಕೊಟ್ಟದ್ದು, ಜೇಡಿಗೆ ಅಲ್ಲ. ಕ್ವಾರಿಯ ಮೇಲ್ಮಣ್ಣು ಬೆರೆತು ಬಂದರೆ ಗಿಲಾವು ಬಿರಿಯುತ್ತದೆ, ಬೈಗುಳ ಗೌಂಡಿಗೆ.

ನದಿ ಬದುಕಿತೇ? ತುಸು ಉಸಿರಾಡಿತು, ನಿಜ. ಕರಾವಳಿಯ ಮರಳು ದಿಬ್ಬ ತೆಗೆಯುವ ಪರವಾನಗಿಗಳ ಜಗ್ಗಾಟ ಇನ್ನೂ ಮುಗಿದಿಲ್ಲ. ಬದಲಿಗೆ ಗುಡ್ಡ ಕರಗಿತು, ಮರಳು ತೊಳೆದ ರಾಡಿ ತಗ್ಗಿನ ಹಳ್ಳ ಹುಡುಕಿತು. ಬಳಕೆಯಂತೂ ಇಳಿದಿಲ್ಲ. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು-ಜಲ್ಲಿ ಬಳಸುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರ ವರದಿಯಲ್ಲಿ ಹೇಳಿತು. ಅಷ್ಟು ದೊಡ್ಡ ಅಂಕಿ ತಲೆಗೆ ಹೋಗುವುದಿಲ್ಲ, ಊರಿಗೇ ಬರೋಣ. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, 15 ಸೆಂ.ಮೀ. ದಪ್ಪದ ಕಾಂಕ್ರೀಟ್ ರಸ್ತೆಗೆ ಸುಮಾರು 54 ಟನ್ ಖಡಿ, 30 ಟನ್ ಮರಳು ಬೇಕು. 40×50 ಅಡಿಯ ಅಡಿಕೆ ಅಂಗಳಕ್ಕೆ ನಾಲ್ಕಿಂಚು ಕಾಂಕ್ರೀಟ್ ಹಾಕಿದರೆ ಎರಡೂ ಸೇರಿ 35 ಟನ್ನಿನ ಆಸುಪಾಸು. ಸಗಣಿ ಸಾರಿಸಿದ ಅಂಗಳದಲ್ಲಿ ಅಡಿಕೆ ಒಣಗುತ್ತಿರಲಿಲ್ಲವೇ ಎಂದು ಕೇಳುವಷ್ಟು ಹಟಮಾರಿ ನಾನಲ್ಲ. ಸಗಣಿ ಸಾರಿಸಲು ಈಗ ಮನೆಯಲ್ಲಿ ಯಾರಿದ್ದಾರೆ? ಆದರೆ ಆ 35 ಟನ್ ಯಾವುದೋ ಊರಿನ ಗುಡ್ಡ ಎಂಬುದು ಅಂಗಳದ ಯಜಮಾನರಿಗೆ ನೆನಪಿರಲಿ. ‘ಪರಿಸರಸ್ನೇಹಿ’ ಎಂದು ಚಿರೆಕಲ್ಲಿನ ಹೋಂಸ್ಟೇ ಕಟ್ಟುವವರೂ ಒಮ್ಮೆ ಕರಾವಳಿಗೆ ಇಳಿದು, ಗರಗಸ ಯಂತ್ರ ಕೊಯ್ದು ಬಿಟ್ಟ ಹೊಂಡಗಳನ್ನು ನೋಡಿ ಬರಬಹುದು.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರ ಮಾರ್ಚಿನಿಂದ 2024ರ ಜುಲೈವರೆಗೆ ಆರು ಬಾರಿ ಹೊರಬಂದಿದೆ. ಅದರಲ್ಲಿ ಕಲ್ಲು, ಮರಳು ಗಣಿಗಾರಿಕೆಗೆ ಪೂರ್ತಿ ನಿಷೇಧ. ಪರ-ವಿರೋಧ ಎರಡೂ ಕಡೆಯ ಭಾಷಣಗಳನ್ನು ಕೇಳಿದ್ದೇನೆ. ನಿಷೇಧವಾದರೆ ಈ ಮೂರು ತಾಲ್ಲೂಕಿಗೆ ಖಡಿ ಎಲ್ಲಿಂದ, ಎಷ್ಟು ಎಂದು ಯಾರೂ ಕೇಳಿದ್ದು ನೆನಪಿಲ್ಲ. ಕುಮಟಾ-ಶಿರಸಿ ಹೆದ್ದಾರಿ ಅಗಲವಾದಾಗಲೂ ಚರ್ಚೆಯೆಲ್ಲ ಕಡಿದ ಮರಗಳದ್ದು. ರಸ್ತೆಯ ಹೊಟ್ಟೆಗೆ ಹೋದ ಕಲ್ಲಿನ ಸುದ್ದಿ ಬರಲೇ ಇಲ್ಲ.

ಮೊದಲ ಮೂರು ಶ್ರೇಣಿಯ ಹಳ್ಳಗಳ ಮರಳನ್ನು ಸ್ಥಳೀಯ ಬಳಕೆಗೆ ಗ್ರಾಮ ಪಂಚಾಯಿತಿಗೆ ಬಿಟ್ಟ 2020ರ ಮರಳು ನೀತಿ ಊರಿಗೆ ಬೇಕಾದ್ದನ್ನು ಊರಲ್ಲೇ ನೋಡಿಕೊಳ್ಳುವ ದಿಕ್ಕಿನಲ್ಲಿ ಒಂದು ಸಣ್ಣ ಕಿಂಡಿ. ಹಳ್ಳ ಕಾಡಿನೊಳಗೆ ಹರಿಯುವ ಕಡೆ ಆ ಕಿಂಡಿಯೂ ಮುಚ್ಚಿರುತ್ತದೆ. ಜಿಲ್ಲಾ ಸಮೀಕ್ಷಾ ವರದಿಗಳು 2016ರಿಂದ ಕಡ್ಡಾಯವಾಗಿವೆ; ಅವುಗಳ ಮುಖ್ಯ ಕಾಳಜಿ ಎಲ್ಲಿ ಎಷ್ಟು ನಿಕ್ಷೇಪವಿದೆ, ಎಷ್ಟು ತೆಗೆಯಬಹುದು, ರಾಜಧನ ಎಷ್ಟು ಎಂಬುದು. ಒಂದು ತಾಲ್ಲೂಕು ಎಷ್ಟು ತಿನ್ನುತ್ತದೆ ಎಂಬ ಕಾಲಂ ಇದ್ದರೆ ಚರ್ಚೆಯೇ ಬೇರೆ ದಾರಿ ಹಿಡಿಯುತ್ತಿತ್ತು. ಯಾವ ರಸ್ತೆಗೆ ಕಾಂಕ್ರೀಟ್ ಬೇಕು, ಯಾವುದಕ್ಕೆ ಗರಸು ಮತ್ತು ಖಡಿ ಸಾಕು, ಕೆಡವಿದ ಹಳೆಯ ಕಟ್ಟಡದ ಕಲ್ಲು ಎಲ್ಲಿಗೆ ಹೋಗಬೇಕು ಎಂದು ಪಂಚಾಯಿತಿಯೇ ಕೂತು ತೀರ್ಮಾನಿಸಬಹುದಿತ್ತು.

ಅಂಥ ಕಾಲಂ ತುಂಬಲು ಹೊಸ ಸಮೀಕ್ಷೆಯೇನೂ ಬೇಡ. ಕ್ವಾರಿಯಿಂದ ಹೊರಡುವ ಲೋಡಿಗೆ ಗಣಿ ಇಲಾಖೆ ಗಣಕದಲ್ಲೇ ಸಾಗಣೆ ಪರವಾನಗಿ ಕೊಡುತ್ತದೆ. ತೂಕ, ಹೊರಟ ಜಾಗ, ಲಾರಿ ನಂಬರಿನ ಜೊತೆ ತಲುಪಬೇಕಾದ ಊರೂ ಅದರಲ್ಲಿರುತ್ತದೆ. ಸದ್ಯಕ್ಕೆ ಅದು ನಾಕಾದಲ್ಲಿ ಲಾರಿ ತಡೆದು ನೋಡಲಿಕ್ಕೆ. ತಲುಪುವ ಊರಿನ ಪ್ರಕಾರ ಕೂಡಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಂದು ವರ್ಷದ ಲೆಕ್ಕ ಹೊರಬೀಳುತ್ತದೆ, ಪರವಾನಗಿಯಿಲ್ಲದೆ ರಾತ್ರಿ ಬರುವ ಲೋಡುಗಳನ್ನು ಬಿಟ್ಟು.